ಹಾಲು ಮತ್ತು ಗೋಡೆಯ ಜಲಪಾತ

ಅಡುಗೆಮನೆಯ ಕ್ಯಾಲೆಂಡರಿನಲ್ಲಿದ್ದ ಜಲಪಾತದ ಚಿತ್ರ ಒಲೆಯ ಮೇಲಿನ ಹಾಲನ್ನು ಕೇಳಿತು: "ಸರ್ವಮಂಗಳಮ್ಮ ದಿನಾ ನಿನ್ನನ್ನೇ ರೆಪ್ಪೆ ಮಿಟುಕಿಸದೆ ನೋಡುತ್ತಾರೆ. ಇಷ್ಟು ಎತ್ತರದಿಂದ ಬೀಳುವ ನನ್ನನ್ನೇಕೆ ನೋಡುವುದಿಲ್ಲ?"

"ಅವರಿಗೆ ನನ್ನ ಮೇಲೆ ನಂಬಿಕೆಯಿಲ್ಲ, ಅದಕ್ಕೆ," ಎಂದಿತು ಹಾಲು.

ಅಷ್ಟರಲ್ಲಿ ಸರ್ವಮಂಗಳಮ್ಮ ಸಂಕಷ್ಟಿ ಯಾವತ್ತೆಂದು ನೋಡಲು ಚಿತ್ರದ ಕೆಳಗಿನ ತಾರೀಖುಗಳತ್ತ ತಿರುಗಿದರು. ಹಾಲು ಉಕ್ಕಿ ಒಲೆ ಆರಿತು.

"ಹಾಳಾದ್ದು, ಒಂದು ಗಳಿಗೆ ಕಣ್ಣು ತೆಗೆಯುವ ಹಾಗಿಲ್ಲ!" ಎಂದು ಬೈದು, ಕಟ್ಟೆ ಒರೆಸಿ, ಮತ್ತೆ ಒಲೆ ಹಚ್ಚಿ, ಉಳಿದ ಹಾಲಿಗೆ ಇನ್ನೂ ಹತ್ತಿರ ಬಂದು ನಿಂತರು.

ಜಲಪಾತ ಯೋಚಿಸಿ ಹೇಳಿತು: "ಹಾಗಾದರೆ ನಾನೂ ಒಂದು ದಿನ ಬೀಳುವುದನ್ನು ನಿಲ್ಲಿಸಿಬಿಡುತ್ತೇನೆ. ಆಗ ನೋಡಲೇಬೇಕಲ್ಲ."

"ಈ ಗೋಡೆಗೆ ಬಂದ ದಿನವೇ ನಿಲ್ಲಿಸಿದ್ದೀಯ," ಎಂದಿತು ಹಾಲು. "ಯುಗಾದಿಯೂ ಕಳೆಯಿತು. ಯಾರಾದರೂ ಕೇಳಿದರಾ?"