ಪಂಚಮಿಯ ಗುಂಡುಕಲ್ಲು

“ಗುರುಗಳೇ, ತಲೆ ಬಾಗಿ ಕೂರುವುದಕ್ಕಿಂತ ದೊಡ್ಡ ಬಲ ಯಾವುದಿದೆ?” ಎಂದು ಬಸಲಿಂಗ ಕೇಳಿದ.

ಗುರುಗಳು ಮುದಿ ವೈದ್ಯರು, ಬಸಲಿಂಗ ಅವರ ಬಳಿ ಎಲುಬು ಕೀಲುಗಳ ವಿದ್ಯೆ ಕಲಿತವನು. ಕಲಿಕೆ ಮುಗಿದು ಬಹಳ ದಿನವಾಗಿತ್ತು. ಹೊಳೆಯಾಚೆಯ ಊರಿನವರು ನಮ್ಮಲ್ಲಿ ವೈದ್ಯನಿಲ್ಲ, ಬಾ ಎಂದು ಕರೆಯುತ್ತಲೇ ಇದ್ದರು. ಅವನು ಹೋಗಿರಲಿಲ್ಲ. ಗುರುಗಳ ಮುಂದೆ ಬಾಗಿ ಕೂತಿದ್ದರೆ ಸಾಕು, ಒಂದು ಊರಿನ ಭಾರ ತನಗೇಕೆ ಎಂಬುದು ಆ ಪ್ರಶ್ನೆಯ ಒಳಗಿದ್ದ ಮಾತು.

ಗುರುಗಳಿಗೆ ಅದು ತಿಳಿಯದ್ದಲ್ಲ. ಆದರೆ ನೇರ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಆ ಊರಿನ ಗರಡಿಯ ಮುಂದೆ ಒಂದು ಗುಂಡುಕಲ್ಲು ಇತ್ತು. ವರ್ಷಕ್ಕೊಮ್ಮೆ ನಾಗರ ಪಂಚಮಿಯ ದಿನ ಊರಿನ ಯಾರಾದರೊಬ್ಬರು ಅದನ್ನು ಎತ್ತಿ, ಹೆಗಲ ಮೇಲಿಂದ ಹಿಂದಕ್ಕೆ ಒಗೆಯಬೇಕು. ಎರಡು ಪಂಚಮಿ ಯಾರೂ ಎತ್ತದೆ ಹೋದರೆ ಪಕ್ಕದ ಊರಿನವರು ಕಲ್ಲನ್ನು ಬಂಡಿಗೆ ಹಾಕಿಕೊಂಡು ಹೋಗಬಹುದು. ಇದು ಎರಡೂ ಊರಿನ ಹಿರಿಯರು ಮಾಡಿಕೊಂಡ ಕಟ್ಟಳೆ.

ಆ ಊರಿಗೆ ಇನ್ನೊಂದು ರೂಢಿಯೂ ಇತ್ತು. ಕಲ್ಲು ಎತ್ತುವವರೆಲ್ಲ ಬೆಳಿಗ್ಗೆಯೇ ಕಲ್ಲಿಗೆ ಹಣೆ ಮುಟ್ಟಿಸಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಣೆಯನ್ನು ಮೊಣಕಾಲಿಗೆ ತಾಗಿಸಿ, ತಮ್ಮ ಸರದಿ ಬರುವ ತನಕ ಹಾಗೇ ಇರಬೇಕು. ಕಲ್ಲಿನ ಮುಂದೆ ನೆಟ್ಟಗೆ ನಿಂತವನಿಗೆ ಸೊಕ್ಕು ಎಂದು ಅರ್ಥ. ಎಲ್ಲರಿಗಿಂತ ಗಟ್ಟಿಗನಿಗೆ ಕೊನೆಯ ಸರದಿ, ಅದು ಅವನಿಗೆ ಸಲ್ಲುವ ಮರ್ಯಾದೆ. ಗಾಣಿಗ ಎಲ್ಲರಿಗಿಂತ ಗಟ್ಟಿಗ. ಹಾಗಾಗಿ ಎಲ್ಲರಿಗಿಂತ ಹೆಚ್ಚು ಹೊತ್ತು ಬಾಗಿ ಕೂರುವವನೂ ಅವನೇ. ಮರ್ಯಾದೆ ಕೊಟ್ಟು ಕೊಟ್ಟೇ ಮನುಷ್ಯನ ಸೊಂಟ ಮುರಿಯುವುದರಲ್ಲಿ ನಮ್ಮವರು ಭಾರೀ ಜಾಣರು.

ಹಿಂದಿನ ಪಂಚಮಿಯಲ್ಲಿ ಕಲ್ಲು ಗಾಣಿಗನ ತೊಡೆಯ ತನಕ ಬಂತು. ಅಷ್ಟರಲ್ಲಿ ನಡು ಕಳಚಿದಂತಾಗಿ ಕೈಬಿಟ್ಟ. ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಮನೆಯಲ್ಲಿ ಅಷ್ಟೇ ತೂಕದ ಕಲ್ಲನ್ನು ಎಷ್ಟೋ ಸಲ ಎತ್ತಿದವನು, ಊರ ಮುಂದೆ ಸೋತ. ಕಲ್ಲಿಗೆ ಅವನ ಮೇಲೆ ಮುನಿಸು ಎಂದು ಜನ ಆಡಿಕೊಂಡರು. ಅವನೂ ನಂಬಿದ. ಮುಂದಿನ ಪಂಚಮಿಗೆ ಹೊತ್ತು ಮೂಡುವ ಮೊದಲೇ ಬಂದು ಬಾಗಿ ಕೂರುತ್ತೇನೆ ಎಂದು ಹರಕೆ ಹೊತ್ತ.

ಅವನ ಬೆನ್ನಿಗೆ ಔಷಧ ಮಾಡುತ್ತಿದ್ದ ಆ ಊರಿನ ವೈದ್ಯ ಈ ಹರಕೆ ಕೇಳಿ ರೇಗಿದ. ಆಮೇಲೆ ಸಮಾಧಾನದಿಂದ ತಿಳಿಸಿ ಹೇಳಿದ. ಬೆನ್ನೆಲುಬು ಒಂದೇ ಕೋಲಲ್ಲ, ಒಂದರ ಮೇಲೊಂದು ಕೂತ ಸಣ್ಣ ಎಲುಬುಗಳ ಸಾಲು. ಎಲುಬನ್ನು ಎಲುಬಿಗೆ ಕಟ್ಟಿ ಹಿಡಿದಿರುವುದು ನಾರಿನ ಪಟ್ಟಿಗಳು. ನಮ್ಮ ವೈದ್ಯಗ್ರಂಥಗಳಲ್ಲಿ ಅಸ್ಥಿರಜ್ಜು ಎನ್ನುವುದು ಅವನ್ನೇ. ಸಾಲಿನ ಮುಂಭಾಗದಲ್ಲಿ ಉದ್ದಕ್ಕೂ ಒಂದು ಪಟ್ಟಿ ಇಳಿದಿದೆ, ಅದು ನಾವು ಹಿಂದಕ್ಕೆ ಅತಿಯಾಗಿ ಬಾಗದಂತೆ ತಡೆಯುತ್ತದೆ. ಬೆನ್ನ ಮೇಲೆ ಕೈಯಾಡಿಸಿದರೆ ಸಿಗುವ ಎಲುಬಿನ ಮುಳ್ಳುಗಳ ನಡುವೆಯೂ ಅವುಗಳ ತುದಿಯಲ್ಲೂ ಬೇರೆ ಪಟ್ಟಿಗಳಿವೆ, ಅವು ಮುಂದಕ್ಕೆ ಅತಿಯಾಗಿ ಬಾಗದಂತೆ ಹಿಡಿಯುತ್ತವೆ. ಇನ್ನೂ ಒಳಗೆ ಹಳದಿ ಬಣ್ಣದವು ಇವೆ. ಅವು ಎಳೆದರೆ ಹಿಗ್ಗುತ್ತವೆ, ಬಿಟ್ಟರೆ ಕುಗ್ಗುತ್ತವೆ, ಬಾಗಿದ ಬೆನ್ನು ಮತ್ತೆ ನೆಟ್ಟಗಾಗಲು ಅವುಗಳ ನೆರವು ಬೇಕು.

ಸ್ವಲ್ಪ ಹೊತ್ತು ಬಾಗಿದರೆ ಇವಕ್ಕೆ ಏನೂ ಆಗುವುದಿಲ್ಲ. ಗಂಟೆಗಟ್ಟಲೆ ಮಡಚಿ ಕೂತರೆ ಬೆನ್ನಿನ ಮಾಂಸಖಂಡ ಕೆಲಸ ಬಿಟ್ಟು ಸುಮ್ಮನಾಗುತ್ತದೆ. ಮೈಭಾರವೆಲ್ಲ ಹಿಂದಿನ ಪಟ್ಟಿಗಳಿಗೆ ಜೋತುಬೀಳುತ್ತದೆ. ಅವು ಮೆಲ್ಲಗೆ ಸಡಿಲಾಗುತ್ತವೆ. ಎದ್ದ ಕೂಡಲೇ ಬಿಗಿಯಾಗುವುದಿಲ್ಲ, ಅವಕ್ಕೂ ಹೊತ್ತು ಬೇಕು. ಗಾಣಿಗ ಕಲ್ಲಿಗೆ ಕೈ ಹಾಕಿದ್ದು ಸರಿಯಾಗಿ ಆ ಸಡಿಲು ಗಳಿಗೆಯಲ್ಲಿ.

ಗಾಣಿಗ ಬಹಳ ಹೊತ್ತು ಯೋಚಿಸಿದ. ಹರಕೆ ಬಿಟ್ಟ. ವೈದ್ಯ ಹೇಳಿದಂತೆ ದಿನದಿನವೂ ಸ್ವಲ್ಪ ಸ್ವಲ್ಪ ಭಾರ ಎತ್ತಿ ಬೆನ್ನನ್ನು ಮತ್ತೆ ಪಳಗಿಸಿದ.

ಪಂಚಮಿ ಬಂತು. ಪಕ್ಕದ ಊರಿನವರು ಬಂಡಿ ತಂದು, ಕಲ್ಲು ಉರುಳದಂತೆ ಹುಲ್ಲು ಹಾಸಿಯೇ ನಿಂತಿದ್ದರು. ಗಾಣಿಗ ಎಲ್ಲರಂತೆ ಕಲ್ಲಿಗೆ ಹಣೆ ಮುಟ್ಟಿಸಿದ. ಆಮೇಲೆ ಎದ್ದು ನಿಂತ. ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ವಾಲಿದ. ಅತ್ತಿಂದಿತ್ತ ನಡೆದಾಡತೊಡಗಿದ. ಬಾಗಿ ಕೂತವರೆಲ್ಲ ಓರೆಗಣ್ಣಲ್ಲಿ ನೋಡಿದರು. ಊರ ಗೌಡನಿಗೆ ಸಿಟ್ಟು ನೆತ್ತಿಗೇರಿತು.

“ಯಾಕೋ ಎದ್ದು ನಿಂತಿ? ಕಲ್ಲಿಗೆ ಬಾಗೂದು ನಿನಗ ಭಾರ ಆತೇನು?”

“ಬಾಗೀನ್ರಿ ಗೌಡ್ರ. ಇನ್ನ ಎತ್ತೂದು ಉಳದೈತಿ.”

ಎತ್ತದಿದ್ದರೆ ಗರಡಿಯ ಹೊಸ್ತಿಲು ಮತ್ತೆ ತುಳಿಯಬೇಡ ಎಂದು ಗೌಡ ಎಲ್ಲರೆದುರು ಹೇಳಿದ. ಗಾಣಿಗ ಒಪ್ಪಿದ.

ಒಬ್ಬೊಬ್ಬರಾಗಿ ಎದ್ದರು, ಒಬ್ಬೊಬ್ಬರಾಗಿ ಸೋತರು. ಕೊನೆಗೆ ಗಾಣಿಗನ ಸರದಿ. ಅವನು ಕಲ್ಲನ್ನು ತಬ್ಬಿದ. ತೊಡೆಗೆ ತಂದ. ಹೋದ ವರ್ಷ ನಡು ಕೈಕೊಟ್ಟದ್ದು ಇಲ್ಲೇ. ನಡು ಈ ಸಲ ಹಿಡಿದು ನಿಂತಿತು. ಕಲ್ಲು ಎದೆಗೆ ಬಂತು, ಹೆಗಲಿಗೇರಿತು, ಅವನ ಬೆನ್ನ ಹಿಂದೆ ದಡ್ಡೆಂದು ನೆಲಕ್ಕೆ ಬಿತ್ತು. ಮೊದಲು ಕೂಗಿ ಕುಣಿದವರು ಬಂಡಿ ತಂದಿದ್ದ ಪಕ್ಕದ ಊರಿನವರು. ಅಂಥ ಸಂತೋಷಕ್ಕೆ ಊರು ಯಾವುದಾದರೇನು. ಗೌಡ ತನ್ನ ತಲೆಯ ರುಮಾಲು ಬಿಚ್ಚಿ ಗಾಣಿಗನ ತಲೆಗೆ ಸುತ್ತಿದ. ಬಂಡಿ ಬರಿದಾಗಿ ಮರಳಿತು.

ಮುಂದಿನ ಪಂಚಮಿಗೆ ಕಲ್ಲಿನ ಮುಂದೆ ಯಾರೂ ಮಡಚಿ ಕೂರಲಿಲ್ಲ. ಹಣೆ ಮುಟ್ಟಿಸಿ, ಎದ್ದು ನಿಂತು, ಸರದಿ ಕಾದರು.

ಗುರುಗಳು ಕತೆ ನಿಲ್ಲಿಸಿದರು. ಬಸಲಿಂಗನ ಬೆನ್ನ ಮೇಲೆ ಕೈಯಿಟ್ಟರು.

“ನೀನು ಬಾಗಿ ಬಹಳ ಹೊತ್ತಾಯಿತು ಬಸಲಿಂಗ, ಏಳು, ಹೊಳೆ ದಾಟುವ ತನಕ ನಡೆದರೆ ಬೆನ್ನು ಬಿಗಿಯಾಗುತ್ತದೆ.”