ಒಂದು ಚಾಪೆಗೆ ಬೇಕಾದಷ್ಟು ಆಪು

ಕಸ್ತೂರಿ ಎಂಬ ಹುಡುಗಿ ಹಕ್ಕಿಗಳ ಬಗ್ಗೆ ಓದಿಕೊಂಡವಳು. ಓದೇನೋ ಸರಿ, ಆದರೆ ಮಾಡಿದ್ದೆಲ್ಲ ದೊಡ್ಡದಾಗಿಯೇ ಕಾಣಬೇಕು ಎಂಬ ಹುಚ್ಚು ಅವಳಿಗೆ.

ಅವಳಿದ್ದ ಊರಿನ ಕೆರೆಯಂಚನ್ನು ಮುಚ್ಚಿ ಲಾರಿ ನಿಲ್ದಾಣ ಮಾಡುವ ಮಾತು ಎದ್ದಿತ್ತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಳಿಯುವುದು ಅದೇ ಅಂಚಿನಲ್ಲಿ. "ಹಕ್ಕಿ ಬರುತ್ತವೆ ಅನ್ನೋದಕ್ಕೆ ದಾಖಲೆ ತನ್ನಿ, ಗುರುವಾರದ ಸಭೆಯಲ್ಲಿ ನೋಡೋಣ" ಎಂದಿದ್ದರು ತಾಲ್ಲೂಕಿನ ಅಧಿಕಾರಿ, ಅಂಚು ಮುಚ್ಚಬೇಡಿ ಎಂದು ಕೇಳಲು ಹೋದ ಕಸ್ತೂರಿಗೆ.

ನಾಡಿನ ಜೀವಿಗಳ ದಾಖಲೆಗಳನ್ನೆಲ್ಲ ಕೂಡಿಟ್ಟ ಜಾಲತಾಣವೊಂದಿತ್ತು. ಕೇಳಿದವರಿಗೆ ಕಟ್ಟು ಕಟ್ಟಿ ಕಳಿಸುತ್ತಿತ್ತು. ಕಸ್ತೂರಿ ಇಡೀ ರಾಜ್ಯದ ಎಲ್ಲ ಹಕ್ಕಿಗಳ ದಾಖಲೆ ಕೇಳಿದಳು. ನಲವತ್ತು ಲಕ್ಷ! "ಇಷ್ಟನ್ನ ಮೇಜಿನ ಮೇಲಿಟ್ಟರೆ ಯಾರು ಉಸಿರೆತ್ತುತ್ತಾರೋ ನೋಡೋಣ" ಎಂದು ಬೀಗಿದಳು. ಸೋಮವಾರ ಬರಲಿಲ್ಲ. ಅದನ್ನೇ ಇನ್ನೊಮ್ಮೆ ಕೇಳಿದಳು. ಮಂಗಳವಾರವೂ ಇಲ್ಲ. ಮತ್ತೆರಡು ಸಲ ಕೇಳಿದಳು. ಬುಧವಾರ ಬೆಳಿಗ್ಗೆ ತಾಣದಿಂದ ಉತ್ತರ ಬಂತು: "ನಿಮ್ಮ ನಾಲ್ಕು ದೊಡ್ಡ ವಿನಂತಿಗಳು ಸಾಲಿನಲ್ಲಿವೆ. ನಿಮ್ಮ ಹಿಂದೆ ಅರವತ್ತು ಜನ ಕಾಯುತ್ತಿದ್ದಾರೆ."

ಕಸ್ತೂರಿಗೆ ಅಳುವೇ ಬಂತು. ಕೆರೆ ಏರಿಯ ಮೇಲೆ ತಲೆ ಮೇಲೆ ಕೈಹೊತ್ತು ಕೂತಳು. ಆಪಿನ ಹುಲ್ಲು ಕೊಯ್ದು ಚಾಪೆ ಹೆಣೆಯುವ ದ್ಯಾಮವ್ವ ಅಂಬಿಗೇರ ಹೊರೆ ಇಳಿಸಿ, "ಯಾಕವ್ವಾ, ಏನಾತು?" ಎಂದಳು. ಕಸ್ತೂರಿ ಎಲ್ಲ ಹೇಳಿಕೊಂಡಳು.

ಮುದುಕಿ ನಕ್ಕಳು. "ಒಂದ್ ಚಾಪಿ ಹೆಣ್ಯಾಕ ನಾ ಕೆರಿ ಆಪೆಲ್ಲಾ ಕೊಯ್ದ್ರ ಹೊರೋರು ಯಾರು? ನನ್ನ ಹಿಂದ ಬರೋ ಹೆಣ್ಮಕ್ಳಿಗೆ ಏನ್ ಉಳೀತೈತಿ? ನಿನಗ ಬೇಕಾಗಿದ್ದು ಯಾವ ಹಕ್ಕಿ, ಯಾವ ಕೆರಿ? ಅಷ್ಟ ಕೇಳು."

ಕಸ್ತೂರಿಗೆ ಚುರುಕ್ ಎಂದಿತು. ಫೋನಿನಲ್ಲೇ ನಾಲ್ಕೂ ವಿನಂತಿ ರದ್ದು ಮಾಡಿ, ಒಂದೇ ಕೆರೆ, ಒಂದೇ ಹಕ್ಕಿ ಎಂದು ಕೇಳಿದಳು. ದ್ಯಾಮವ್ವ ಹೊರೆಯ ಹಗ್ಗ ಬಿಗಿಯುವುದರೊಳಗೆ ಇನ್ನೂರ ಹನ್ನೆರಡು ದಾಖಲೆ ಬಂದವು. ನೋಡಿದರೆ, ಅವುಗಳಲ್ಲಿ ನೂರ ಎಂಬತ್ತು ದಾಖಲೆಗಳ ಎದುರು ಎಣಿಸಿದವರದು ಒಂದೇ ಹೆಸರು: ದ್ಯಾಮವ್ವ ಅಂಬಿಗೇರ!

"ಹುಲ್ಲು ಕೊಯ್ಯಾಕ ಹೋದಾಗ ಎಣಿಸಿ ಹೇಳ್ತಿದ್ದೆ, ಸಾಲಿ ಮಾಸ್ತರ್ರು ಬರೆದು ಕಳಿಸ್ತಿದ್ರು" ಎಂದಳು ಅವಳು, ಅದೇನು ಮಹಾ ಎನ್ನುವಂತೆ.

ಗುರುವಾರ ಅಧಿಕಾರಿ ಹಾಳೆ ತಿರುವಿದರು. "ಇಷ್ಟೇನಾ?"

"ಇಷ್ಟೇ ಸರ್. ಒಂದೊಂದೂ ಇದೇ ಕೆರೆಯದ್ದು. ಎಣಿಸಿದವರು ಇಲ್ಲೇ ಕೂತಿದ್ದಾರೆ" ಎಂದಳು ಕಸ್ತೂರಿ.

ದ್ಯಾಮವ್ವ ಸೆರಗು ಹೊದ್ದು ಎದ್ದು ನಿಂತಳು.

"ಈ ವರ್ಷ ಬಂದಿವೆಯಾ, ಅಮ್ಮ?" ಎಂದರು ಅಧಿಕಾರಿ.

"ಇವತ್ತ ಮುಂಜಾನಿ ತೊಂಬತ್ನಾಕು ರೀ. ಅದ್ರಾಗ ಒಂದು ಕುಂಟ್ತೈತಿ."

ಸಭೆಗೆ ಸಭೆಯೇ ನಕ್ಕಿತು. ಅಧಿಕಾರಿ ಮಾತ್ರ ನಗಲಿಲ್ಲ, ಆ ಮಾತನ್ನೂ ಬರೆದುಕೊಂಡರು. ಲಾರಿ ನಿಲ್ದಾಣಕ್ಕೆ ಬೇರೆ ಜಾಗ ನೋಡುವಂತೆ ಆದೇಶವಾಯಿತು. ನಲವತ್ತು ಲಕ್ಷ ಕೇಳಿದ ದಿನ ಬೀಗಿದ್ದ ಕಸ್ತೂರಿ, ಇನ್ನೂರ ಹನ್ನೆರಡನ್ನು ಎದೆಗವಚಿಕೊಂಡು ದ್ಯಾಮವ್ವನ ಪಕ್ಕ ನಿಂತಳು. ಅಂಥ ಹೆಮ್ಮೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ನೀತಿ: ಸಿಗುತ್ತದೆಂದು ಎಲ್ಲವನ್ನೂ ಬಾಚಿಕೊಳ್ಳಲು ಹೋದರೆ ನಮಗೂ ಇಲ್ಲ, ಸಾಲಿನಲ್ಲಿದ್ದ ಇತರರಿಗೂ ಇಲ್ಲ. ಬೇಕಾದಷ್ಟನ್ನೇ ಕೇಳಿ. ಸಿಕ್ಕ ಮೇಲೆ, ಅದನ್ನು ಕೂಡಿಟ್ಟವರ ಹೆಸರನ್ನು ನಾಲ್ಕು ಜನರ ಮುಂದೆ ಹೇಳಿ.