ಜೊತೆಗೆ ಅಳದ ಸಮುದ್ರ

“ಮಾಸ್ತರೇ, ಸಮುದ್ರಕ್ಕೆ ಯಾವ ಬಣ್ಣ ಕೊಟ್ಟರೆ ನೋಡುವವರಿಗೆ ನನ್ನ ಖುಷಿ ಮುಟ್ತದೆ?”

ತನುಜಾ ಇದನ್ನು ಕೂತು ಕೇಳಲಿಲ್ಲ. ಕೂರುವ ತಾಳ್ಮೆ ಅವಳಿಗೆ ಅಂದು ಇರಲಿಲ್ಲ. ಅಚ್ಯುತ ಮಾಸ್ತರರ ಸ್ಟುಡಿಯೊದಲ್ಲಿ ಕಂಪ್ಯೂಟರಿನ ಮುಂದೆ ಬೆಳಗಿನಿಂದ ನಿಂತೇ ಇದ್ದಳು. ಕುರ್ಚಿ ಹಿಂದೆ ಸರಿದು ಗೋಡೆ ಸೇರಿತ್ತು. ಊಟಕ್ಕೆ ಕರೆದರೆ “ಬಂದೆ” ಎಂದಳು, ಬರಲಿಲ್ಲ. ಮಾಸ್ತರರು ತಮ್ಮ ಪಾಡಿಗೆ ತಾವು ಉಂಡು, ಎಲೆ ಅಡಿಕೆ ಹಾಕಿಕೊಂಡು ಬಂದರು. ಹಸಿವಿಗಿಂತ ಬಣ್ಣ ದೊಡ್ಡದು ಅನ್ನಿಸುವ ವಯಸ್ಸು ಅದು, ಅದಕ್ಕೆ ಅವಳನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಕಾರವಾರದ ಛಾಯಾಚಿತ್ರ ಪ್ರದರ್ಶನಕ್ಕೆ ಚಿತ್ರ ಕಳಿಸಲು ಅದೇ ಕೊನೆಯ ದಿನ. ಒಬ್ಬರಿಗೆ ಒಂದೇ ಚಿತ್ರ. ತನುಜಾ ಕಳಿಸಬೇಕೆಂದಿದ್ದದ್ದು ಅಪ್ಪನ ಹೊಸ ದೋಣಿಯ ಚಿತ್ರವನ್ನು. ಹಳೆಯ ದೋಣಿ, ಹೊಳೆ ಸಮುದ್ರ ಸೇರುವ ಅಳಿವೆಯ ಬಂಡೆಗೆ ಬಡಿದು ಹೋಳಾದ ಮೇಲೆ ಅಪ್ಪ ಎರಡು ವರ್ಷ ಕಂಡವರ ದೋಣಿಯಲ್ಲಿ ಬಲೆ ಎಳೆದಿದ್ದ. ಮನೆಯಲ್ಲಿ ಯಾರೂ ಜೋರಾಗಿ ನಕ್ಕಿರಲಿಲ್ಲ. ಹೋದ ವಾರ ಹೊಸ ದೋಣಿ ನೀರಿಗೆ ಇಳಿಯಿತು. ಆ ಬೆಳಗನ್ನು ಪ್ರದರ್ಶನದ ಗೋಡೆಯ ಮೇಲೆ ಅಪ್ಪನಿಗೆ ತೋರಿಸಬೇಕು, ನೋಡಲು ಬಂದವರೆಲ್ಲ ತಾನು ಹಿಗ್ಗಿದಷ್ಟೇ ಹಿಗ್ಗಬೇಕು. ಇದು ಅವಳ ಆಸೆ. ಈ ಕತೆಯನ್ನು ಮಾಸ್ತರರಿಗೆ ಅವಳು ಬಂದ ಕೂಡಲೇ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು.

“ಎಲ್ಲರೂ ಬಿಸಿಲು ಬರಲಿ, ಆಮೇಲೆ ದೂಡುವ ಅಂದ್ರು ಮಾಸ್ತರೇ. ಫೋಟೋ ಚಲೋ ಬರ್ತದೆ ಅಂತ ನಾನೂ ಅಂದೆ. ಅಪ್ಪ ಕೇಳಲೇ ಇಲ್ಲ. ನೀರು ಏರಿದೆ, ಇನ್ನು ಬಿಸಿಲಿಗೆ ಯಾರು ಕಾಯ್ತಾರೆ ಅಂತ ದೂಡೇಬಿಟ್ಟ. ನಾನು ಕ್ಯಾಮೆರಾ ಹಿಡ್ಕೊಂಡೇ ಕುಣಿದೆ.”

ಕುಣಿದದ್ದು ನಿಜ. ಚಿತ್ರದಲ್ಲಿ ಮಾತ್ರ ಆ ಕುಣಿತ ಎಲ್ಲೂ ಇರಲಿಲ್ಲ. ಅಂದು ಮೋಡ ಕವಿದಿತ್ತು. ಆಕಾಶ ಬೂದು, ಸಮುದ್ರ ಬೂದು, ಮರಳೂ ಬೂದು. ದೋಣಿ ಪಾಪ ಯಾರೋ ಮರೆತು ಬಿಟ್ಟುಹೋದ ಹಾಗೆ ನಿಂತಿತ್ತು.

ಆದರೆ ಈಚೆಗಷ್ಟೇ ಅವಳು ಚಿತ್ರಕ್ಕೆ ಬಣ್ಣದ ಛಾಯೆ ಕೊಡುವುದನ್ನು ಕಲಿತಿದ್ದಳು. ಬೆಳಕಿನ ಭಾಗಕ್ಕೆ ಒಂದು ಬಣ್ಣ, ನೆರಳಿನ ಭಾಗಕ್ಕೆ ಇನ್ನೊಂದು. ಬೆರಳು ಸ್ವಲ್ಪ ಸರಿಸಿದರೆ ಸಾಕು, ಸಮುದ್ರದ ಮನಸ್ಸೇ ಬದಲಾಗುತ್ತದೆ. ಗುಲಾಬಿ ಹಾಕಿದಳು, ನೀರು ನಾಚಿಕೊಂಡಿತು. ನೀಲಿ ಹಾಕಿದಳು, ಯಾರನ್ನೋ ಕಳೆದುಕೊಂಡವರ ಹಾಗೆ ಮಂಕಾಯಿತು. ಹಸಿರು ಹಾಕಿದಾಗ ಸಮುದ್ರಕ್ಕೆ ಜ್ವರ ಬಂದಂತೆ ಕಂಡಿತು, ಅದನ್ನು ಕೂಡಲೇ ತೆಗೆದಳು. ಪ್ರತಿ ಸಲವೂ ಅವಳಿಗೆ ನಿಂತಲ್ಲೇ ಕುಣಿಯುವ ಹಾಗಾಯಿತು. ಇಷ್ಟು ದೊಡ್ಡ ಸಮುದ್ರ ತನ್ನ ಬೆರಳಿನ ಮಾತು ಕೇಳುತ್ತಿದೆ ಎಂದರೆ ಯಾರಿಗೆ ತಾನೇ ಹಾಗಾಗುವುದಿಲ್ಲ. ಕೊನೆಗೆ ಬಂಗಾರದ ಬಣ್ಣ ಹಾಕಿದಳು. ಇದೇ ಸರಿ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಸಾಲದು ಅನ್ನಿಸಿತು. ಇನ್ನಷ್ಟು ಹಾಕಿದಳು. ಮತ್ತೂ ಸಾಲದು ಅನ್ನಿಸಿತು. ಆಗಲೇ ಅವಳು ತಿರುಗಿ ಆ ಪ್ರಶ್ನೆ ಕೇಳಿದ್ದು.

ಮಾಸ್ತರರು ಮೇಜಿನ ಮೇಲಿದ್ದ ಖಾಲಿ ಬಿಳಿ ಹಾಳೆಯೊಂದನ್ನು ತೆಗೆದು ಪರದೆಯ ಪಕ್ಕಕ್ಕೆ ಹಿಡಿದರು.

“ಎಂತ ಮಾರಾಯ್ತಿ, ಇದು ಸಮುದ್ರವಾ, ಅರಿಶಿನದ ನೀರಾ?”

ತನುಜಾ ಹಾಳೆ ನೋಡಿದಳು, ಚಿತ್ರ ನೋಡಿದಳು. ಅವಳ ಮುಖ ಇಳಿಯಿತು. ಬಿಳಿಯ ಪಕ್ಕದಲ್ಲಿ ಸಮುದ್ರ ನಿಜಕ್ಕೂ ಅರಿಶಿನ ಕದಡಿದ ಹಾಗಿತ್ತು. ದೋಣಿ ಅರಿಶಿನ, ಮರಳು ಅರಿಶಿನ, ಅಪ್ಪನ ಅಂಗಿಯೂ ಅರಿಶಿನ.

“ಆಗ ಹೀಗೆ ಕಾಣ್ತಿರಲಿಲ್ಲ ಮಾಸ್ತರೇ.”

“ಕಾಣೂದಿಲ್ಲ. ಕೂತ್ಕೊ. ಒಂದು ಕತೆ ಹೇಳ್ತೇನೆ.”

ಅವಳು ಗೋಡೆಯ ಗಡಿಯಾರದ ಕಡೆ ನೋಡಿದಳು. ಮಾಸ್ತರರು ಅದನ್ನು ಗಮನಿಸಿದರು. “ಸಂಜೆಯವರೆಗೆ ಸಮಯ ಅದೆ. ನನ್ನ ಕತೆ ಅಷ್ಟು ಉದ್ದ ಇಲ್ಲ,” ಎಂದು ಕುರ್ಚಿಯನ್ನು ಅವಳ ಕಡೆ ತಳ್ಳಿ ಹೇಳತೊಡಗಿದರು.

ಒಂದು ಬಂದರಿನ ಊರಿನಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಆ ಕಾಲದಲ್ಲಿ ಚಿತ್ರಗಳೆಲ್ಲ ಕಪ್ಪು ಬಿಳುಪು. ಬಣ್ಣ ಬೇಕೆಂದವರು ಅಚ್ಚಾದ ಚಿತ್ರವನ್ನು ತಟ್ಟೆಯಲ್ಲಿನ ದ್ರಾವಣಕ್ಕೆ ಅದ್ದಬೇಕಾಗಿತ್ತು. ಒಂದು ದ್ರಾವಣ ಕಂದು ಬಣ್ಣ ಕೊಡುತ್ತಿತ್ತು, ಇನ್ನೊಂದು ನೀಲಿ. ಕಂದಿನಲ್ಲಿ ಅದ್ದಿದರೆ ನಿನ್ನೆಯ ಸಮುದ್ರ ಅಜ್ಜನ ಕಾಲದ್ದಾಗುತ್ತಿತ್ತು. ನೀಲಿಯಲ್ಲಿ ಅದ್ದಿದರೆ ಹಾಡುಹಗಲು ಬೆಳದಿಂಗಳಾಗುತ್ತಿತ್ತು.

ಈ ವಿದ್ಯೆ ಕೈಗೆ ಬಂದ ಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮದುವೆಯ ಚಿತ್ರ ಅದ್ದಿದ. ನಾಮಕರಣದ ಚಿತ್ರ ಅದ್ದಿದ. ಪಕ್ಕದ ಮನೆಯವರು ತಮ್ಮ ಎಮ್ಮೆಯ ಚಿತ್ರ ತೆಗೆಸಿದರು, ಅದನ್ನೂ ಅದ್ದಿದ. ನೀಲಿಯಾದ ಎಮ್ಮೆಯನ್ನು ಕಂಡ ಆ ಮನೆಯವರು ಅವನಿಗೆ ಹಾಲು ಕೊಡುವುದನ್ನೇ ನಿಲ್ಲಿಸಿದರು. ಅವನು ಕರಿ ಚಹಾ ಕುಡಿದುಕೊಂಡು ಅದ್ದುತ್ತಲೇ ಇದ್ದ.

ಒಂದು ದಿನ ದೂರದ ಪಟ್ಟಣದಿಂದ ಒಬ್ಬ ವ್ಯಾಪಾರಿ ಅವನನ್ನು ಹುಡುಕಿಕೊಂಡು ಬಂದ. “ನನ್ನ ತಾಯಿ ಈ ಊರಿನ ಹೆಣ್ಣು,” ಎಂದ. “ಮದುವೆಯಾಗಿ ಹಾಯಿದೋಣಿ ಹತ್ತಿ ಹೋದವಳು ಮತ್ತೆ ಇತ್ತ ಬರಲಿಲ್ಲ. ತವರಿನಲ್ಲಿ ಯಾರೂ ಉಳಿಯಲೂ ಇಲ್ಲ. ಈಗ ಅವಳ ಕಣ್ಣು ಮಂದವಾಗುತ್ತಿದೆ. ಪೂರ್ತಿ ಆರಿಹೋಗುವ ಮೊದಲು, ತಾನು ಬಿಟ್ಟುಬಂದ ದಿನದ ದಂಡೆಯನ್ನು ಒಮ್ಮೆ ಕಾಣಬೇಕಂತೆ. ಇಲ್ಲಿಯವರೆಗೆ ಬರುವ ಶಕ್ತಿ ಅವಳಿಗಿಲ್ಲ. ನೀನು ಆ ದಂಡೆಯನ್ನು ಅವಳಲ್ಲಿಗೆ ಕಳಿಸಿಕೊಡಬೇಕು.”

“ಹೊರಟ ದಿನ ಅವರು ಹೇಗಿದ್ದರು?” ಎಂದು ಛಾಯಾಗ್ರಾಹಕ ಕೇಳಿದ.

“ದಂಡೆ ಮರೆಯಾಗುವವರೆಗೂ ಅತ್ತಳಂತೆ.”

ಛಾಯಾಗ್ರಾಹಕನಿಗೆ ಅಷ್ಟೇ ಸಾಕಾಯಿತು. ಮುಂದೆ ಏನನ್ನೂ ಕೇಳಲಿಲ್ಲ. ಅಳು ಎಂದರೆ ನೀಲಿ ಎಂದು ಅವನು ಆಗಲೇ ತೀರ್ಮಾನಿಸಿಬಿಟ್ಟಿದ್ದ. ಸಂಜೆ ದಂಡೆಗೆ ಹೋಗಿ, ಬಂಡೆಯ ಮೇಲೆ ನಿಂತು, ಸಮುದ್ರದ ಚಿತ್ರ ತೆಗೆದ. ಅಚ್ಚು ಹಾಕಿ ನೀಲಿಯಲ್ಲಿ ಅದ್ದಿದ. ನೋಡಿದ. ದುಃಖ ಸಾಲಲಿಲ್ಲ. ಮತ್ತೆ ಅದ್ದಿದ. ಆಗಲೂ ಸಾಲಲಿಲ್ಲ.

ನೀಲಿಯನ್ನೇ ನೋಡುತ್ತ ಕೂತ ಕಣ್ಣಿಗೆ ನೀಲಿ ಕಾಣುವುದು ಕಡಿಮೆಯಾಗುತ್ತ ಹೋಗುತ್ತದೆ. ಸಾರಿನ ರುಚಿ ನೋಡುತ್ತ ನೋಡುತ್ತ ನಾಲಿಗೆ ಉಪ್ಪನ್ನು ಮರೆಯುವ ಹಾಗೆ. ಅದಕ್ಕೇ ಈ ಕೆಲಸ ಮಾಡುವವರು ಅದ್ದದ ಒಂದು ಪ್ರತಿಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಆಗಾಗ ಅದರ ಕಡೆ ಕಣ್ಣು ಹಾಯಿಸುತ್ತಾರೆ. ಅವನಿಗೂ ಅದು ಗೊತ್ತಿತ್ತು. ಆದರೆ ಉತ್ಸಾಹ ಉಕ್ಕುತ್ತಿರುವಾಗ ಅದಕ್ಕೆಲ್ಲ ಪುರುಸೊತ್ತು ಎಲ್ಲಿ. ಅದ್ದಿದ, ನೋಡಿದ, ಅದ್ದಿದ. ಕಡೆಗೊಮ್ಮೆ ಚಿತ್ರ ನೋಡಿ ಅವನಿಗೇ ಅಳು ಬಂತು. ತಾನು ಮಾಡಿದ ಚಿತ್ರಕ್ಕೆ ತಾನೇ ಅತ್ತೆನಲ್ಲ ಎಂದು ಬಹಳ ಸಂತೋಷಪಟ್ಟ.

ಚಿತ್ರಕ್ಕೆ ಕಟ್ಟು ಹಾಕಿಸಿ, ತಾನೇ ಹೊತ್ತುಕೊಂಡು ವ್ಯಾಪಾರಿಯ ಮನೆಗೆ ಹೋದ. ವ್ಯಾಪಾರಿ ನೋಡಿ ಕಣ್ಣೊರೆಸಿಕೊಂಡ. ಸೊಸೆ ಸೆರಗು ಬಾಯಿಗಿಟ್ಟಳು. ನೆರೆಮನೆಯವರು ಬಂದು ನೋಡಿ ನಿಟ್ಟುಸಿರುಬಿಟ್ಟರು. ಛಾಯಾಗ್ರಾಹಕನಿಗೆ ಆಕಾಶ ಮೂರೇ ಗೇಣು ಉಳಿದಿತ್ತು. ಆಮೇಲೆ ಚಿತ್ರವನ್ನು ತಾಯಿಯ ಕೈಗೆ ಕೊಟ್ಟರು. ಅವಳು ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ಕಣ್ಣಿನ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದಳು.

“ಚೆನ್ನಾಗಿದೆ ಮಗಾ,” ಎಂದಳು. “ಇದು ಯಾವ ಊರಿನ ಸಮುದ್ರ?”

ಛಾಯಾಗ್ರಾಹಕ ಚಿತ್ರದ ಹತ್ತಿರ ಬಾಗಿದ. “ನಿಮ್ಮದೇ ಊರಿನದು ತಾಯಿ. ನೀವು ಅಳುತ್ತ ಬಿಟ್ಟುಬಂದದ್ದು,” ಎಂದ.

ಮುದುಕಿ ನಕ್ಕಳು. “ಅತ್ತದ್ದು ನಾನು. ಸಮುದ್ರ ಎಲ್ಲಿ ಅತ್ತಿತು? ಅವತ್ತು ಬೆಳಿಗ್ಗೆ ನೀರು ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ನನ್ನ ತವರು ತಪ್ಪಿಹೋಗುವ ದಿನವೇ ಇದಕ್ಕೆ ಇಷ್ಟು ಸಡಗರ ಯಾಕೆ ಎಂದು ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿಗೆ ಇನ್ನಷ್ಟು ಅತ್ತೆ. ನನ್ನ ಅವ್ವ ದಂಡೆಯ ಮೇಲೆ ನಿಂತಿದ್ದಳು. ಬಿಸಿಲು ಅವಳ ಬೆನ್ನ ಹಿಂದೆ. ಎಷ್ಟು ನೋಡಿದರೂ ಅವಳ ಮುಖ ಕಾಣಲಿಲ್ಲ, ನಿಂತ ಆಕಾರವೊಂದೇ ಕಪ್ಪಗೆ ಕಂಡಿತು. ಆ ಹೊಳಪು ನನಗೆ ಅವಳ ಮುಖ ನೋಡಲು ಬಿಡಲಿಲ್ಲವಪ್ಪ. ಸಮುದ್ರ ನನ್ನ ಜೊತೆ ಅತ್ತಿದ್ದರೆ ನಾನು ಆ ದಿನವನ್ನು ಎಂದೋ ಮರೆತುಬಿಡುತ್ತಿದ್ದೆ.”

ಛಾಯಾಗ್ರಾಹಕ ಚಿತ್ರವನ್ನು ಬಗಲಿಗೆ ಹಾಕಿಕೊಂಡು ಹೊರಬಿದ್ದ. ಬೀದಿಯ ಕೊನೆಯವರೆಗೆ ಅವಮಾನ ಅವನ ಜೊತೆಗಿತ್ತು. ತಿರುವು ದಾಟುವಷ್ಟರಲ್ಲಿ ಅದು ಎಲ್ಲಿ ಹೋಯಿತೋ, ಓಡತೊಡಗಿದ. ಏನು ಮಾಡಬೇಕೆಂದು ಅವನಿಗೆ ಹೊಳೆದುಬಿಟ್ಟಿತ್ತು. ಮುದುಕಿಯ ಕಣ್ಣು ಆರುವ ಮೊದಲು ಅದನ್ನು ಮಾಡಬೇಕಾಗಿತ್ತು.

ಊರಿಗೆ ಬಂದವನು ಮರುದಿನ ಬೆಳಗಿನ ಬಿಸಿಲಿನಲ್ಲಿ ದೋಣಿ ಹತ್ತಿದ. ದಂಡೆಯಿಂದ ಅಷ್ಟು ದೂರ ಹೋಗಿ, ನೀರಿನ ಮೇಲಿನಿಂದ ದಂಡೆಯ ಕಡೆ ತಿರುಗಿದ. ಮೀನಿಗಾಗಿ ಕಾಯುತ್ತ ಹೆಂಗಸೊಬ್ಬಳು ಅಲ್ಲಿ ನಿಂತಿದ್ದಳು. ಬಿಸಿಲು ಅವಳ ಹಿಂದಿತ್ತು. ದೋಣಿ ಅಲುಗಾಡದ ಹಾಗೆ ಹಿಡಿಯಲು ದೋಣಿಯವನಿಗೆ ಹೇಳಿ, ಚಿತ್ರ ತೆಗೆದ.

ಈ ಸಲ ಅಚ್ಚಾದ ಚಿತ್ರವನ್ನು ಮೊದಲು ಕಂದಿನಲ್ಲಿ ಅದ್ದಿದ. ಕಂದು ಮೊದಲು ಹಿಡಿಯುವುದು ಬೆಳಕಿನ ಭಾಗವನ್ನು. ಬೆಳಕು ಬೆಚ್ಚಗಾದ ಕೂಡಲೇ ಚಿತ್ರವನ್ನು ಎತ್ತಿ ತೊಳೆದ. ಆಮೇಲೆ ನೀಲಿಯಲ್ಲಿ ಅದ್ದಿದ. ಬೆಳಕು ಆಗಲೇ ಕಂದಿನ ಪಾಲಾಗಿತ್ತು, ನೀಲಿಗೆ ಸಿಕ್ಕಿದ್ದು ನೆರಳು ಮಾತ್ರ. ಅದ್ದದ ಪ್ರತಿ ಪಕ್ಕದಲ್ಲೇ ಇತ್ತು. ಅದರ ಕಡೆ ನೋಡಿದ, ಇದರ ಕಡೆ ನೋಡಿದ, ಇನ್ನೂ ಸ್ವಲ್ಪ ಅದ್ದೋಣ ಎಂದು ಕೈ ತವಕಿಸಿದಾಗಲೇ ಎತ್ತಿಬಿಟ್ಟ. ನೀರು ಬೆಚ್ಚಗೆ ಹೊಳೆಯುತ್ತಿತ್ತು. ದಂಡೆಯ ಮೇಲೆ ನಿಂತ ಹೆಂಗಸೊಬ್ಬಳಲ್ಲಿ ಮಾತ್ರ ತಣ್ಣನೆಯ ನೀಲಿ ಇತ್ತು.

ಮುದುಕಿ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದಳು. ಅವಳ ಹುಬ್ಬು ಗಂಟಿಕ್ಕಿತು.

“ಹಾಳಾದದ್ದು, ಇನ್ನೂ ಹೊಳೆಯುತ್ತಿದೆ ನೋಡು,” ಎಂದಳು.

ಆಮೇಲೆ ಆ ನೀಲಿ ಆಕಾರದ ಮೇಲೆ ಬೆರಳಿಟ್ಟಳು. ವ್ಯಾಪಾರಿ ಕರೆದ, ಸೊಸೆ ಕರೆದಳು. ಅವಳು ಬೆರಳು ತೆಗೆಯಲಿಲ್ಲ.

ಮಾಸ್ತರರು ಕತೆ ನಿಲ್ಲಿಸಿದರು. ತನುಜಾಳ ಕಣ್ಣು ತುಂಬಿತ್ತು. ಅವಳು ಮೂಗು ಒರೆಸಿಕೊಂಡಳು, ಮರುಕ್ಷಣವೇ ಕುರ್ಚಿಯಿಂದ ಎದ್ದಳು. ಕೆನ್ನೆಯ ಮೇಲೆ ನೀರು ಇನ್ನೂ ಇದ್ದಂತೆಯೇ ಮುಖ ಅರಳಿತು.

“ಗೊತ್ತಾಯ್ತು ಮಾಸ್ತರೇ. ಬೆಳಕಿಗೆ ಬಂಗಾರ, ನೆರಳಿಗೆ ನೀಲಿ. ನಾನು ಎರಡಕ್ಕೂ ಬಂಗಾರ ಹಾಕಿದ್ದೆ, ಅದೇ ತಪ್ಪಾದ್ದು. ಈಗಲೇ ಮಾಡ್ತೇನೆ, ಹೊತ್ತಾಗೂದಿಲ್ಲ.”

ಮಾಸ್ತರರು ಹಣೆ ಚಚ್ಚಿಕೊಳ್ಳಲಿಲ್ಲ. ಕತೆಯಲ್ಲಿ ಬಣ್ಣವನ್ನಷ್ಟೇ ಹಿಡಿದುಕೊಳ್ಳುವ ಶಿಷ್ಯರು ಇಷ್ಟು ವರ್ಷ ಕಲಿಸಿದವರಿಗೆ ಹೊಸಬರಲ್ಲ. ಅವಳ ಕೈ ಮೌಸ್ ಮುಟ್ಟುವ ಮೊದಲೇ ತಾವು ಬಾಗಿ ಒಂದು ಕೀಲಿ ಒತ್ತಿದರು. ಬೆಳಗಿನಿಂದ ಹಾಕಿದ ಬಣ್ಣವೆಲ್ಲ ಒಮ್ಮೆಲೇ ಹೋಯಿತು. ಆಕಾಶ ಬೂದಾಯಿತು, ಸಮುದ್ರ ಬೂದಾಯಿತು. ಆಗ ದೋಣಿಯ ತುದಿಯಲ್ಲಿ ಏನೋ ಕಂಡಿತು. ಅಮ್ಮ ಕಟ್ಟಿದ ಕೇಸರಿ ಬಣ್ಣದ ಅಬ್ಬಲಿಗೆ ಹೂವಿನ ಮಾಲೆ. ಬಂಗಾರದಲ್ಲಿ ಅದು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಈಗ ಅಷ್ಟೂ ಬೂದಿನ ನಡುವೆ ಅದೊಂದೇ ಕೆಂಡದ ಹಾಗೆ ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಅಪ್ಪ ದೋಣಿಗೆ ಭುಜ ಕೊಟ್ಟು ಬಾಯಿತುಂಬ ನಗುತ್ತಿದ್ದ. ಎರಡು ವರ್ಷದ ಮೇಲೆ ನಕ್ಕ ನಗು ಅದು. ಬೆಳಗಿನಿಂದ ಅದೇ ಚಿತ್ರದ ಮುಂದೆ ನಿಂತಿದ್ದ ತನುಜಾ ಅದನ್ನು ಈಗ ನೋಡಿದಳು.

ಮಾಸ್ತರರು ಹೇಳಿದರು: “ಅಪ್ಪನ ದೋಣಿಗೆ ಅವತ್ತು ಬಿಸಿಲು ಬೇಕಾಗಲಿಲ್ಲ ತನುಜಾ, ನಿನ್ನ ಖುಷಿಗೆ ಯಾಕೆ ಬೇಕಾಯ್ತು?”

ತನುಜಾ ಕುರ್ಚಿಯಲ್ಲಿ ಕೂತು, ಬೂದು ಚಿತ್ರವನ್ನು ಇದ್ದ ಹಾಗೆಯೇ ಕಾರವಾರಕ್ಕೆ ಕಳಿಸಿದಳು.